ಗಿರಣಿ, ಕರೆಂಟು, ಕಬ್ಬು: ನಮ್ಮ ಸೀಮೆಯ ಸಂಪತ್ತು ಮತ್ತು ಸರ್ಕಾರದ ಕಾಯಿದೆ

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಸ್ಮರಣ ಸಂಚಿಕೆಗೆ ನಮ್ಮ ಭಾಗದ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಕೋಟೆ, ಗುಡಿ, ಶಾಸನಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ. ಈ ಶಾಲೆಯಲ್ಲಿ ಬಹಳ ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನು ಬೇರೆಯೇ ಒಂದು ವಿಷಯ ಆರಿಸಿಕೊಂಡಿದ್ದೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ದೊಡ್ಡ ದುಡ್ಡು ಹೇಗೆ ಬಂತು, ಆ ದುಡ್ಡಿಗೆ ಸರ್ಕಾರ ಯಾವಾಗ ಯಾವ ಕಟ್ಟಳೆ ಹಾಕಿತು, ಆ ಕಟ್ಟಳೆಯಿಂದ ಸಾಮಾನ್ಯ ಮನುಷ್ಯನಿಗೆ ಏನು ಸಿಕ್ಕಿತು ಎಂಬುದೇ ಆ ವಿಷಯ. ಮೂಡಲಗಿ ಈಗ ಪ್ರತ್ಯೇಕ ತಾಲೂಕು. ಕೆಲವೇ ವರ್ಷಗಳ ಹಿಂದಿನವರೆಗೆ ಅದು ಗೋಕಾಕ ತಾಲೂಕಿನಲ್ಲೇ ಇತ್ತು. ಆದ್ದರಿಂದ ಮೂರೂ ತಾಲೂಕುಗಳ ಕಥೆಯನ್ನು ಒಟ್ಟಿಗೆ ಹೇಳುವುದೇ ಸರಿ.

ಜಲಪಾತದ ಪಕ್ಕದ ಗಿರಣಿ

1885ರಲ್ಲಿ ಮುಂಬಯಿಯ ಒಂದು ವ್ಯಾಪಾರಿ ಸಂಸ್ಥೆಯವರು 'ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ' ಎಂಬ ಕಂಪನಿ ಕಟ್ಟಿದರು. 1887ರಲ್ಲಿ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಶುರುವಾಯಿತು. ಕಂಪನಿಯ ಹೆಸರಿನಲ್ಲೇ ಅದರ ಗುಟ್ಟು ಇದೆ. ಇಲ್ಲಿ ಕಲ್ಲಿದ್ದಲು ಇರಲಿಲ್ಲ, ಬಂದರು ಇರಲಿಲ್ಲ. ಇದ್ದದ್ದು ಸುಮಾರು 170 ಅಡಿ ಎತ್ತರದಿಂದ ಧುಮುಕುವ ಘಟಪ್ರಭೆ. ಆ ನೀರಿನ ಬಲದಿಂದಲೇ ಯಂತ್ರಗಳು ತಿರುಗಿದವು. ಮೇಲ್ಭಾಗದಲ್ಲಿ, ಧೂಪದಾಳದ ಹತ್ತಿರ ನದಿಗೆ ಅಡ್ಡವಾಗಿ ಒಡ್ಡು ಕಟ್ಟಿ ಕಾಲುವೆ ತೋಡಿದವರು ಮುಂಬಯಿ ಸರ್ಕಾರದವರು. ನಮ್ಮ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿತ್ತು.

ಅಂದರೆ ಬಂಡವಾಳ ಕಂಪನಿಯದಾದರೂ ಅದು ದುಡಿದದ್ದು ಎಲ್ಲರಿಗೂ ಸೇರಿದ ನದಿಯ ಬಲದ ಮೇಲೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಕಬ್ಬಿನ ಕಥೆಯಲ್ಲೂ ಇದೇ ಮಾತು ಬರುತ್ತದೆ.

ಗಿರಣಿ ಶುರುವಾದಾಗ ಕೆಲಸಗಾರರಿಗೆ ಯಾವ ಕಾಯಿದೆ ಇತ್ತು? 1881ರ ಫ್ಯಾಕ್ಟರಿ ಕಾಯಿದೆ ಇತ್ತು. ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಏಳರಿಂದ ಹನ್ನೆರಡು ವರ್ಷದ ಮಕ್ಕಳಿಂದ ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು ಎಂದು ಅದು ಹೇಳಿತು. ತರಗತಿಯಲ್ಲಿ ನಾನು ಇದನ್ನು ಹೇಳುವಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಈಗ ಎರಡನೆಯ ಇಯತ್ತೆಯಲ್ಲಿ ಕೂಡ್ರುವ ಕೂಸು ಆಗ ಒಂಬತ್ತು ತಾಸು ಗಿರಣಿಯಲ್ಲಿ ನಿಂತರೂ ಕಾನೂನಿನ ಪ್ರಕಾರ ತಪ್ಪಿರಲಿಲ್ಲ. ದೊಡ್ಡವರ ದುಡಿಮೆಗಂತೂ ಆ ಕಾಯಿದೆಯಲ್ಲಿ ಮಿತಿಯೇ ಇರಲಿಲ್ಲ.

ಆ ಕಾಯಿದೆ ಬರೀ ಕರುಣೆಯಿಂದ ಬಂದದ್ದೂ ಅಲ್ಲ. ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿ ಮಾಲೀಕರಿಗೆ ಹಿಂದುಸ್ಥಾನದ ಅಗ್ಗದ ನೂಲಿನ ಭಯ ಇತ್ತು. ಇಲ್ಲಿಯ ಗಿರಣಿಗಳಿಗೂ ಕಡಿವಾಣ ಹಾಕಿರಿ ಎಂದು ಅವರು ಒತ್ತಾಯಿಸಿದರು. ಇತ್ತ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅವರು ಗಿರಣಿ ಕೆಲಸಗಾರರನ್ನು ಸಂಘಟಿಸಿದರು. ಅವರ ಹೋರಾಟದ ಫಲವಾಗಿ 1890ರಲ್ಲಿ ಮುಂಬಯಿಯ ಗಿರಣಿ ಮಾಲೀಕರು ರವಿವಾರದ ಸೂಟಿಗೆ ಒಪ್ಪಿದರು. 1891ರ ಕಾಯಿದೆ ವಾರಕ್ಕೊಂದು ಸೂಟಿಯನ್ನು ಎಲ್ಲ ಗಿರಣಿಗಳಿಗೂ ತಂದಿತು. ಹೆಂಗಸರ ದುಡಿಮೆಗೆ ಹನ್ನೊಂದು ತಾಸಿನ ಮಿತಿ ಹಾಕಿತು. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಯಿಂದ ಹೊರಗಿಟ್ಟಿತು.

ಆಮೇಲಿನ ಹಾದಿ ನಿಧಾನದ್ದು. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ತಾಸು, 1922ರಲ್ಲಿ 11 ತಾಸು, 1934ರಲ್ಲಿ 10 ತಾಸು, ಸ್ವಾತಂತ್ರ್ಯದ ಹೊಸ್ತಿಲಲ್ಲಿ 9 ತಾಸು. 1948ರ ಫ್ಯಾಕ್ಟರಿ ಕಾಯಿದೆ ವಾರಕ್ಕೆ 48 ತಾಸು ಎಂದು ನಿಗದಿ ಮಾಡಿತು, ಹದಿನಾಲ್ಕು ವರ್ಷದೊಳಗಿನವರಿಗೆ ಫ್ಯಾಕ್ಟರಿಯ ಬಾಗಿಲು ಮುಚ್ಚಿತು. ಅದೇ ವರ್ಷ ಕಾರ್ಮಿಕರ ವಿಮಾ ಕಾಯಿದೆ ಬಂತು, 1952ರಲ್ಲಿ ಭವಿಷ್ಯ ನಿಧಿ ಕಾಯಿದೆ ಬಂತು. ಗಿರಣಿ ಶುರುವಾಗಿ ಎಂಟು ತಾಸಿನ ದುಡಿಮೆಗೆ ಬರಲು ಅರವತ್ತು ವರ್ಷ ಹಿಡಿಯಿತು. ಎರಡು ತಲೆಮಾರು ಈ ನಡುವೆ ದುಡಿದು ಹೋದವು.

ಗಿರಣಿಯಿಂದ ನಮ್ಮ ಸೀಮೆಗೆ ಒಳ್ಳೆಯದಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಬರಗಾಲದಲ್ಲೂ ತಿಂಗಳ ಪಗಾರ ತಪ್ಪದ ಮನೆಗಳು ಈ ಭಾಗದಲ್ಲಿ ಇದ್ದರೆ ಅವು ಗಿರಣಿಯ ಮನೆಗಳೇ. ಆದರೆ ಪಗಾರದ ಜೊತೆಗೆ ಸೂಟಿ, ದವಾಖಾನೆ, ಪಿ.ಎಫ್. ಸೇರಿದ್ದು ಕಾಯಿದೆಯಿಂದ. ಆ ಕಾಯಿದೆ ಸೇರಿದ್ದು ಕೇಳುವವರು ಇದ್ದುದರಿಂದ.

ಊರಿನವರೇ ಕಟ್ಟಿಕೊಂಡ ಸಂಸ್ಥೆಗಳು

ಸ್ವಾತಂತ್ರ್ಯದ ನಂತರ ಸರ್ಕಾರ ಇನ್ನೊಂದು ಹಾದಿ ಹಿಡಿಯಿತು. 1951ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆಯ ಪ್ರಕಾರ ಸಕ್ಕರೆ ಕಾರ್ಖಾನೆ ಹಾಕಬೇಕಾದರೆ ಲೈಸೆನ್ಸು ಬೇಕಾಯಿತು. ಲೈಸೆನ್ಸು ಕೊಡುವಾಗ ಸಹಕಾರಿ ಸಂಘಗಳಿಗೆ ಆದ್ಯತೆ ಎಂಬ ಧೋರಣೆ ಬಂತು. ಅದಕ್ಕೆ ಮೊದಲು ನಮ್ಮ ಜಿಲ್ಲೆಯಲ್ಲಿ ದೊಡ್ಡ ಸಕ್ಕರೆ ಕಾರ್ಖಾನೆ ಎಂದರೆ ಕೃಷ್ಣಾ ದಂಡೆಯ ಉಗಾರದ್ದು, 1939ರಲ್ಲಿ ಶುರುವಾದ ಖಾಸಗಿ ಕಾರ್ಖಾನೆ.

ಸಹಕಾರದ ಹೊಸ ಗಾಳಿಯಲ್ಲಿ ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು. ಅದರ ಹಿಂದೆ ಅಪ್ಪಣಗೌಡ ಪಾಟೀಲರ ದುಡಿಮೆ ಇತ್ತು ಎಂಬುದನ್ನು ಹುಕ್ಕೇರಿ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಮುಂದೆ ಗೋಕಾಕ ಭಾಗಕ್ಕೆ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ರೈತ ಶೇರು ಕೊಂಡ, ಸರ್ಕಾರವೂ ಶೇರು ಹಾಕಿತು, ಸಾಲಕ್ಕೆ ಜಾಮೀನು ನಿಂತಿತು. ಕಬ್ಬು ಬೆಳೆಯುವವನೇ ಕಾರ್ಖಾನೆಯ ಮಾಲೀಕ ಎಂಬುದು ಆಗಿನ ಕನಸು.

1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದು ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಊರೂರಿಗೆ ಕಂಬ ನಡೆಯಿತು, ಬಾವಿಗೆ ಪಂಪು ಕೂಡ್ರಿತು. ಉಳಿದ ಕಡೆ ಕರೆಂಟಿನ ಬಿಲ್ಲು ಸರ್ಕಾರದ ಕಂಪನಿಯಿಂದ ಬಂದರೆ ಹುಕ್ಕೇರಿಯಲ್ಲಿ ಅದು ತಮ್ಮದೇ ಸಂಘದಿಂದ ಬರುತ್ತದೆ. ಇಂದಿಗೂ ಆ ಸಂಘ ನಡೆಯುತ್ತಿದೆ. ಆದರೆ ಒಂದು ಮಾತು ಗಮನಿಸಿರಿ. ಸಂಘ ಸದಸ್ಯರದ್ದೇ ಆದರೂ ಕರೆಂಟಿನ ದರವನ್ನು ಅದು ತನ್ನ ಮನಸ್ಸಿಗೆ ಬಂದಂತೆ ಹಾಕುವ ಹಾಗಿಲ್ಲ. 1999ರಲ್ಲಿ ಬಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಲೆಕ್ಕಪತ್ರ ನೋಡಿ, ಜನರ ಅಹವಾಲು ಕೇಳಿ ದರ ಗೊತ್ತು ಮಾಡುತ್ತದೆ. ಒಬ್ಬನೇ ಮಾರುವವನು ಇರುವಲ್ಲಿ, ಅವನು ನಮ್ಮವನೇ ಆಗಿದ್ದರೂ, ಬೆಲೆಯ ಮೇಲೆ ಮೂರನೆಯವನ ಕಣ್ಣು ಇರಬೇಕು.

ಇದೇ ಕಾಲದಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಆಣೆಕಟ್ಟು ಆಯಿತು. 51 ಟಿಎಂಸಿ ನೀರು ನಿಲ್ಲುವ ರಾಜಾ ಲಖಮಗೌಡ ಜಲಾಶಯ ಅದು. ಹಿನ್ನೀರಿನಲ್ಲಿ ಹೊಲ, ಮನೆ, ಊರು ಮುಳುಗಿದವು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣಿಸುತ್ತದೆ. ಜನ ಹೋಗಿ ಕೈಮುಗಿದು ಬರುತ್ತಾರೆ. ಕೆಳಗಿನ ಗೋಕಾಕ, ಮೂಡಲಗಿ ಭಾಗದ ಜೋಳದ ಹೊಲ ಕಬ್ಬಿನ ಗದ್ದೆಯಾದದ್ದು ಈ ನೀರಿನಿಂದ. ಒಬ್ಬರ ಊರು ಮುಳುಗಿ, ಎಲ್ಲರ ತೆರಿಗೆ ಸೇರಿ ಬಂದ ನೀರು ಇದು.

ಪರವಾನಗಿ ಹೋಯಿತು, ಕಾರ್ಖಾನೆ ಬಂದವು

1998ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಉದ್ಯಮಕ್ಕೆ ಲೈಸೆನ್ಸಿನ ಕಟ್ಟು ತೆಗೆಯಿತು. ನಂತರದ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಖಾಸಗಿ ಕಾರ್ಖಾನೆಗಳು ಬೆಳೆದವು. ಬೆಲ್ಲದ ಬಾಗೇವಾಡಿಯಲ್ಲಿ, ಹುಣಶ್ಯಾಳ ಪಿ.ಜಿ.ಯಲ್ಲಿ ಚಿಮಣಿಗಳು ಎದ್ದವು. ಬೆಲ್ಲದ ಬಾಗೇವಾಡಿಯ ಕಾರ್ಖಾನೆಯ ಕಂಪನಿ 2019ರಲ್ಲಿ ಮುಂಬಯಿ ಶೇರು ಪೇಟೆಯಲ್ಲೂ ಹೆಸರು ಹಚ್ಚಿಸಿತು. ಬರೀ ಸಕ್ಕರೆ ಅಲ್ಲ; ಸಿಪ್ಪೆಯಿಂದ ಕರೆಂಟು, ಕಾಕಂಬಿಯಿಂದ ಸ್ಪಿರಿಟ್, ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲ್. ಮೊದಲು ಬಿಸಾಕುತ್ತಿದ್ದ ಮಡ್ಡಿಯೂ ಗೊಬ್ಬರವಾಗಿ ಮಾರಾಟವಾಗುತ್ತದೆ.

ಕಾರ್ಖಾನೆ ಹೆಚ್ಚಾದರೆ ರೈತನಿಗೆ ಲಾಭವೇ. ನೂರುಗಟ್ಟಲೆ ಗಾಡಿ ಒಂದೇ ಗೇಟಿನ ಮುಂದೆ ಮೂರು ದಿನ ನಿಲ್ಲುವ ಕಾಲ ಹೋಯಿತು. ಆದರೆ ಕಬ್ಬು ಹತ್ತಿಯ ಹಾಗೆ ಅಲ್ಲ. ಕಡಿದ ಮೇಲೆ ಮನೆಯಲ್ಲಿ ಇಟ್ಟುಕೊಂಡು ಬೆಲೆ ಬಂದಾಗ ಮಾರೋಣ ಎನ್ನುವ ಹಾಗಿಲ್ಲ. ದಿನ ಕಳೆದ ಹಾಗೆ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಆದ್ದರಿಂದ ಗೇಟಿನ ಮುಂದೆ ನಿಂತ ರೈತನಿಗೆ ಚೌಕಾಶಿ ಮಾಡುವ ಬಲ ಇರುವುದಿಲ್ಲ. ಸರ್ಕಾರ ನಡುವೆ ಬರಬೇಕಾದದ್ದು ಇದಕ್ಕೇ.

1966ರ ಕಬ್ಬು ನಿಯಂತ್ರಣ ಆದೇಶ ಬಂದದ್ದು ಈ ಕಾರಣಕ್ಕೆ. ಅದರ ಒಂದು ಕಟ್ಟಳೆ ಎಲ್ಲ ರೈತರಿಗೂ ಬಾಯಿಪಾಠ ಇರಬೇಕು. ಕಬ್ಬು ಮುಟ್ಟಿದ 14 ದಿನದೊಳಗೆ ಬಿಲ್ಲು ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಕೊಡಬೇಕು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಗಳ ಮೂಲಕ ವಸೂಲು ಮಾಡಬಹುದು. ಮೂರು ಲಕ್ಷ ರೂಪಾಯಿ ಬಿಲ್ಲು ಗಡುವು ದಾಟಿ ಎರಡು ತಿಂಗಳು ನಿಂತರೆ ಬಡ್ಡಿಯೇ ಸುಮಾರು 7,400 ರೂಪಾಯಿ ಆಗುತ್ತದೆ.

ಈ ಬಡ್ಡಿಯನ್ನು ಕೇಳಿ ಪಡೆದ ರೈತರನ್ನು ನಾನು ಕಂಡದ್ದು ಕಡಿಮೆ. ಆದರೆ ತಡವಾದ ಬಿಲ್ಲಿನ ಪರಿಣಾಮವನ್ನು ತರಗತಿಯಲ್ಲಿ ಪ್ರತಿ ವರ್ಷ ಕಂಡಿದ್ದೇನೆ. ಶಾಲೆಯ ಪ್ರವಾಸಕ್ಕೆ ಹೆಸರು ಬರೆದುಕೊಳ್ಳುವಾಗ ನಾಲ್ಕೈದು ಮಕ್ಕಳು ತಲೆ ತಗ್ಗಿಸಿ ನಿಲ್ಲುತ್ತಿದ್ದರು. "ಸರ್, ನಮ್ಮ ಕಬ್ಬಿನ ಬಿಲ್ ಆದ ಮ್ಯಾಲೆ ಕೊಡ್ತೇನ್ರಿ" ಎನ್ನುತ್ತಿದ್ದರು. ಬಿಲ್ ಆಗುವ ಹೊತ್ತಿಗೆ ಪ್ರವಾಸ ಮುಗಿದಿರುತ್ತಿತ್ತು.

ಈ ಸೀಮೆಯ ಇನ್ನೊಂದು ತೊಡಕನ್ನೂ ಮುಚ್ಚಿಡದೆ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಕಾಣುವ ಮನೆತನಗಳೇ ಶಾಸನಸಭೆಯಲ್ಲೂ ಕಾಣುತ್ತವೆ. ಇದು ಒಂದು ಪಕ್ಷದ ಮಾತಲ್ಲ, ಎಲ್ಲ ಪಕ್ಷಗಳ ಮಾತು. ಕಬ್ಬು ಕೊಳ್ಳುವವನೂ ಕಬ್ಬಿನ ಕಾಯಿದೆ ಮಾಡುವವನೂ ಒಂದೇ ಮನೆಯವನಾದರೆ ಕಟ್ಟಳೆ ಸಡಿಲಾಗುವ ಭಯ ಇದ್ದೇ ಇರುತ್ತದೆ. ಸಹಕಾರಿ ಕಾರ್ಖಾನೆಗಳಲ್ಲೂ ಶೇರುದಾರ ಹೆಸರಿಗೆ ಮಾಲೀಕನಾಗಿ ಉಳಿದು, ಆಡಳಿತ ಕೆಲವರ ಕೈಗೆ ಹೋದದ್ದನ್ನು ನಾಡಿನ ಉದ್ದಗಲಕ್ಕೂ ನೋಡಿದ್ದೇವೆ.

ಗುರ್ಲಾಪುರ ಕ್ರಾಸಿನ ಲೆಕ್ಕ

2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಕುಳಿತದ್ದು ಎಲ್ಲರಿಗೂ ಗೊತ್ತು. ನಮ್ಮ ಶಾಲೆಯಲ್ಲಿ ಕಲಿತ ಅನೇಕರು ಅಲ್ಲಿದ್ದರು. ಟನ್ನಿಗೆ 3,500 ರೂಪಾಯಿ ಕೊಡಿರಿ ಎಂಬುದು ಬೇಡಿಕೆ. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಂಗಳೂರಿನಲ್ಲಿ ಕಾರ್ಖಾನೆಯವರ ಜೊತೆಗೂ ರೈತ ಮುಖಂಡರ ಜೊತೆಗೂ ಸಭೆ ಮಾಡಿದರು. ಶೇಕಡಾ 11.25 ಇಳುವರಿಯ ಕಬ್ಬಿಗೆ ಕಟಾವು ಮತ್ತು ಸಾಗಾಟದ ಖರ್ಚು ಬಿಟ್ಟು 3,300 ರೂಪಾಯಿ ಎಂದು ತೀರ್ಮಾನವಾಯಿತು. 3,200ರ ಮೇಲೆ 50 ರೂಪಾಯಿ ಕಾರ್ಖಾನೆ, 50 ರೂಪಾಯಿ ಸರ್ಕಾರ ಕೊಡುವುದೆಂದು ಆಯಿತು.

ಕೇಂದ್ರ ಸರ್ಕಾರ ಆ ಹಂಗಾಮಿಗೆ 3,550 ರೂಪಾಯಿ ಹೇಳಿದೆಯಲ್ಲ, ಮತ್ತೆ ರೈತರು 3,500ಕ್ಕೆ ಏಕೆ ಕುಳಿತರು ಎಂದು ಹಲವರು ನನ್ನನ್ನು ಕೇಳಿದರು. ಲೆಕ್ಕ ಹೀಗಿದೆ. ಎಫ್‌ಆರ್‌ಪಿ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, 2025-26ಕ್ಕೆ ಕ್ವಿಂಟಲಿಗೆ 355 ರೂಪಾಯಿ. ಅದು ಶೇಕಡಾ 10.25 ಇಳುವರಿಗೆ, ಅಂದರೆ ಒಂದು ಟನ್ ಕಬ್ಬಿನಿಂದ ನೂರಾ ಎರಡೂವರೆ ಕಿಲೋ ಸಕ್ಕರೆ ಬಂದರೆ. ಇಳುವರಿ 0.1 ಹೆಚ್ಚಾದರೆ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚು. 11.25 ಇಳುವರಿಗೆ ಟನ್ನಿಗೆ 3,896 ರೂಪಾಯಿ ಆಗುತ್ತದೆ. ಆದರೆ ಈ ಬೆಲೆ ಕಾರ್ಖಾನೆಯ ಗೇಟಿನದು. ಕಟಾವಿನ ಗ್ಯಾಂಗಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಇದರಲ್ಲೇ ಮುರಿಯುತ್ತಾರೆ. ಮಾತಿಗೆ 800 ರೂಪಾಯಿ ಹಿಡಿದರೆ ರೈತನ ಕೈಗೆ 3,096 ಬರುತ್ತದೆ. 10.25 ಇಳುವರಿಗಾದರೆ 2,750 ಮಾತ್ರ.

ಈಗ ಇಳುವರಿಯ ಮಹತ್ವ ತಿಳಿಯುತ್ತದೆ. ಇಳುವರಿಯಲ್ಲಿ ಅರ್ಧ ಶೇಕಡಾ ಫರಕು ಬಂದರೆ ಟನ್ನಿಗೆ 173 ರೂಪಾಯಿ. ಎಕರೆಗೆ 40 ಟನ್ ಬೆಳೆಯುವವನಿಗೆ 6,920 ರೂಪಾಯಿ. ಇಳುವರಿ ಅಳೆಯುವುದು ಕಾರ್ಖಾನೆಯ ಪ್ರಯೋಗಶಾಲೆ, ಕಬ್ಬು ತೂಗುವುದು ಕಾರ್ಖಾನೆಯ ಕಾಟಾ. ಅಲ್ಲಿ ಮೋಸ ಇದೆ ಎಂದು ನಾನು ಯಾರ ಮೇಲೂ ಹೊರಿಸುವುದಿಲ್ಲ. ಕೊಳ್ಳುವವನೇ ತೂಗಿ, ಕೊಳ್ಳುವವನೇ ಪರೀಕ್ಷೆ ಮಾಡಿ, ಕೊಳ್ಳುವವನೇ ಬೆಲೆ ಬರೆದರೆ ಮಾರುವವನಿಗೆ ನಂಬಿಕೆ ಹೇಗೆ ಬರಬೇಕು? ಕಾಟಾ ಮತ್ತು ಪ್ರಯೋಗಶಾಲೆಯ ಮೇಲೆ ಸರ್ಕಾರದ ಕಣ್ಣು ಇರಬೇಕು ಎಂಬ ಬೇಡಿಕೆ ಬೆಲೆಯ ಬೇಡಿಕೆಯಷ್ಟೇ ದೊಡ್ಡದು.

ಕಾರ್ಖಾನೆಯವರ ಮಾತಿಗೂ ಕಿವಿಗೊಡಬೇಕು. ಎಫ್‌ಆರ್‌ಪಿ 2018-19ರಲ್ಲಿ ಟನ್ನಿಗೆ 2,750 ಇದ್ದದ್ದು 3,550ಕ್ಕೆ ಏರಿತು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ ಮಾತ್ರ 2019ರಲ್ಲಿ ಕಿಲೋಗೆ 31 ರೂಪಾಯಿ ಆದದ್ದು ಈ ಹೋರಾಟದ ಹೊತ್ತಿಗೂ ಅಷ್ಟೇ ಇತ್ತು. ರಫ್ತಿಗೆ ಎಷ್ಟು ಬಿಡಬೇಕು, ಎಥೆನಾಲಿಗೆ ಎಷ್ಟು ತೆಗೆಯಬೇಕು ಎಂಬುದನ್ನು ದಿಲ್ಲಿ ಹೇಳುತ್ತದೆ. ಸರ್ಕಾರ ಒಂದು ಕೈಯಿಂದ ಕಬ್ಬಿನ ಬೆಲೆ ಏರಿಸಿ ಇನ್ನೊಂದು ಕೈಯಿಂದ ಸಕ್ಕರೆಯ ಬೆಲೆ ಹಿಡಿದರೆ ನಡುವೆ ಯಾರಾದರೂ ನಲುಗಲೇಬೇಕು. ಕಟ್ಟಳೆ ಹಾಕುವವನು ಲೆಕ್ಕದ ಎರಡೂ ಬದಿ ನೋಡಬೇಕು.

ಇದಕ್ಕೆ ಒಂದು ದಾರಿಯನ್ನು 2012ರಲ್ಲಿ ಸಿ. ರಂಗರಾಜನ್ ಸಮಿತಿ ಹೇಳಿತು. ಸಕ್ಕರೆ ಮತ್ತು ಉಪ ಉತ್ಪನ್ನಗಳಿಂದ ಬಂದ ಆದಾಯದಲ್ಲಿ ಶೇಕಡಾ 70 ರೈತನಿಗೆ, ಅಥವಾ ಬರೀ ಸಕ್ಕರೆಯ ಆದಾಯ ಹಿಡಿದರೆ ಶೇಕಡಾ 75. ಕರ್ನಾಟಕ 2013ರಲ್ಲಿ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣ ಕಾಯಿದೆ ತಂದಿತು. ಕಬ್ಬು ನಿಯಂತ್ರಣ ಮಂಡಳಿ ರಚಿಸಿತು. ಆದಾಯ ಹಂಚಿಕೆಯ ಸೂತ್ರ ನಿಜವಾಗಿ ನಡೆಯಬೇಕಾದರೆ ಕಾರ್ಖಾನೆ ಎಷ್ಟು ಎಥೆನಾಲ್ ಮಾರಿತು, ಎಷ್ಟು ಕರೆಂಟು ಮಾರಿತು ಎಂಬ ಲೆಕ್ಕ ಹೊರಗೆ ಬರಬೇಕು. ಕಾಯಿದೆ ಹಾಳೆಯ ಮೇಲಿದ್ದರೂ ರೈತ ರಸ್ತೆಗೆ ಇಳಿಯಬೇಕಾಗುವುದು ಈ ಲೆಕ್ಕ ಸಿಗದ ಕಾರಣಕ್ಕೆ.

ದಾನ ಮತ್ತು ಹಕ್ಕು

2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಎಷ್ಟೋ ಸರ್ಕಾರಿ ಶಾಲೆಗಳಿಗೆ ಬೆಂಚು, ಗಣಕಯಂತ್ರ, ಶೌಚಾಲಯ ಈ ಹಣದಿಂದ ಬಂದಿವೆ. ನಾವು ಗೋಡೆಯ ಮೇಲೆ 'ದಾನಿಗಳು' ಎಂದು ಬರೆಸಿ, ಶಾಲು ಹೊದಿಸಿ ಕಳಿಸುತ್ತೇವೆ. ಕೊಟ್ಟವರಿಗೆ ಗೌರವ ಕೊಡಬೇಕಾದದ್ದೇ. ಆದರೆ ಅದು ಕಾಯಿದೆಯ ಪ್ರಕಾರ ಕೊಡಬೇಕಾದದ್ದು ಎಂಬ ತಿಳಿವಳಿಕೆಯೂ ಮಕ್ಕಳಿಗೆ ಇರಲಿ. ನಮ್ಮ ಶಾಲೆ ಐವತ್ತು ವರ್ಷ ನಡೆದದ್ದು ಯಾರೊಬ್ಬರ ದಾನದಿಂದಲ್ಲ. ಕಬ್ಬು ಬೆಳೆದವನು, ನೂಲು ತೆಗೆದವನು, ಅಂಗಡಿ ಇಟ್ಟವನು, ಕಾರ್ಖಾನೆ ಕಟ್ಟಿದವನು ಎಲ್ಲರೂ ಕೊಟ್ಟ ತೆರಿಗೆಯಿಂದ.

ಜಲಪಾತದ ಬಲ, ಆಣೆಕಟ್ಟಿನ ನೀರು, ಊರಿನ ರಸ್ತೆ, ಸರ್ಕಾರಿ ಶಾಲೆಯಲ್ಲಿ ಕಲಿತ ಕೈಗಳು ಸೇರದೆ ಈ ಸೀಮೆಯಲ್ಲಿ ಯಾರೂ ದೊಡ್ಡ ಸಂಪತ್ತು ಗಳಿಸಿಲ್ಲ. ಸಂಪತ್ತು ಗಳಿಸುವುದು ತಪ್ಪಲ್ಲ. ಅದರ ಬುಡದಲ್ಲಿ ಎಲ್ಲರ ಪಾಲು ಇರುವಾಗ ಎಲ್ಲರ ಪರವಾಗಿ ಲೆಕ್ಕ ಕೇಳುವುದು ಸರ್ಕಾರದ ಕರ್ತವ್ಯ. ಸರ್ಕಾರ ಆ ಕರ್ತವ್ಯ ಮರೆತಾಗ ನೆನಪಿಸುವುದು ನಮ್ಮ ಕೆಲಸ.

ಕೊನೆಗೆ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಗಿರಣಿಯ ಹಾಜರಿ ಕಾರ್ಡು, ಸಹಕಾರಿ ಕಾರ್ಖಾನೆಯ ಶೇರು ಪತ್ರ, ಹಳೆಯ ಕಬ್ಬಿನ ತೂಕದ ಚೀಟಿ, ಹುಕ್ಕೇರಿ ಸಂಘದ ಮೊದಲ ಕರೆಂಟು ಬಿಲ್ಲು ಇದ್ದರೆ ಹರಿದು ಒಲೆಗೆ ಹಾಕಬೇಡಿರಿ. ಅದರ ಒಂದು ಪ್ರತಿಯನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡಿರಿ. ಒಂದು ಕಪಾಟು ಸಾಕು. ಮುಂದಿನ ಗುರುಗಳು ಒಂಬತ್ತನೆಯ ತರಗತಿಯ ಮಕ್ಕಳಿಗೆ ಶೇಕಡಾವಾರು ಲೆಕ್ಕ ಕಲಿಸುವಾಗ ಪುಸ್ತಕದ ಉದಾಹರಣೆಯ ಬದಲು ಅವರ ಊರಿನದೇ ತೂಕದ ಚೀಟಿ ಮುಂದಿಟ್ಟು ಕಲಿಸಲಿ. ಶಾಲೆಗೂ, ಕಲಿಸಿದವರಿಗೂ, ಕಲಿತವರಿಗೂ ಶುಭವಾಗಲಿ.